ಸಾರ್ವಜನಿಕ ಸಾರಿಗೆಯಲ್ಲಿ ವಾಹನ ಸ್ಥಳ ಪತ್ತೆ ವ್ಯವಸ್ಥೆ

ವಾಹನ ಸ್ಥಳ ಪತ್ತೆ ವ್ಯವಸ್ಥೆ ಎಂಬುದು ಚಲಿಸುತ್ತಿರುವ ಅಥವಾ ನಿಂತಿರುವ ವಾಹನದ ಸ್ಥಾನ, ವೇಗ ಮತ್ತು ದಿಕ್ಕನ್ನು ಉಪಗ್ರಹಗಳ ಸಂಕೇತದಿಂದ ಗುರುತಿಸಿ, ಆ ಮಾಹಿತಿಯನ್ನು ಮೊಬೈಲ್ ಜಾಲದ ಮೂಲಕ ನಿಯಂತ್ರಣ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆಯಾಗಿದೆ. ಜನಬಳಕೆಯಲ್ಲಿ ಇದನ್ನು ಜಿಪಿಎಸ್ ಎಂದೇ ಕರೆಯುತ್ತಾರೆ. ಸಾರಿಗೆ ನಿಗಮಗಳ ಬಸ್ಸುಗಳು, ಆಂಬ್ಯುಲೆನ್ಸ್‌ಗಳು, ಪೊಲೀಸ್ ವಾಹನಗಳು, ಕಸ ಸಾಗಿಸುವ ವಾಹನಗಳು, ಶಾಲಾ ವಾಹನಗಳು ಮತ್ತು ಖನಿಜ ಸಾಗಿಸುವ ಲಾರಿಗಳಲ್ಲಿ ಇದರ ಬಳಕೆ ಇದೆ.

ಸಾಧನದ ಬೆಲೆ ಕಡಿಮೆಯಾದರೂ, ಅದನ್ನು ವರ್ಷಗಟ್ಟಲೆ ನಡೆಸುವ ವೆಚ್ಚ, ದೊರೆತ ಮಾಹಿತಿಯನ್ನು ಬಳಸುವ ಸಿಬ್ಬಂದಿ ಮತ್ತು ಚಾಲಕರ ಖಾಸಗಿತನ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಸಾರ್ವಜನಿಕ ಹಣದಿಂದ ಇಂತಹ ವ್ಯವಸ್ಥೆಯನ್ನು ಅಳವಡಿಸುವ ಮೊದಲು ವೆಚ್ಚ ಮತ್ತು ಪ್ರಯೋಜನಗಳನ್ನು ತೂಗಿ ನೋಡುವುದು ಅಗತ್ಯವೆನಿಸುತ್ತದೆ. ಈ ಲೇಖನವು ಕರ್ನಾಟಕದ ಅನುಭವವನ್ನು, ವಿಶೇಷವಾಗಿ ಚಿತ್ರದುರ್ಗ ಜಿಲ್ಲೆಯಂತಹ ಗ್ರಾಮೀಣ ಪ್ರದೇಶದ ಸಂದರ್ಭವನ್ನು ಇಟ್ಟುಕೊಂಡು ಈ ಲೆಕ್ಕಾಚಾರವನ್ನು ವಿವರಿಸುತ್ತದೆ.

ತಾಂತ್ರಿಕ ರಚನೆ

ಈ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ: ವಾಹನದಲ್ಲಿ ಅಳವಡಿಸುವ ಸಾಧನ, ಮಾಹಿತಿ ಸಾಗಿಸುವ ಮೊಬೈಲ್ ಜಾಲ ಮತ್ತು ಮಾಹಿತಿಯನ್ನು ಸ್ವೀಕರಿಸಿ ನಕ್ಷೆಯ ಮೇಲೆ ತೋರಿಸುವ ಸರ್ವರ್ ಹಾಗೂ ನಿಯಂತ್ರಣ ಕೊಠಡಿ.

ವಾಹನದಲ್ಲಿನ ಸಾಧನವು ಉಪಗ್ರಹಗಳ ಸಂಕೇತಗಳು ತನ್ನನ್ನು ತಲುಪಲು ತೆಗೆದುಕೊಂಡ ಸಮಯವನ್ನು ಅಳೆದು, ಅದರಿಂದ ದೂರವನ್ನು ಲೆಕ್ಕ ಹಾಕುತ್ತದೆ. ಸ್ಥಾನವನ್ನು ಸರಿಯಾಗಿ ನಿರ್ಧರಿಸಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕಾಗುತ್ತದೆ. ಅಮೆರಿಕದ ಜಿಪಿಎಸ್ ವ್ಯವಸ್ಥೆಯ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ನಾಗರಿಕ ಬಳಕೆಯ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಲಾಗುತ್ತಿದ್ದ ದೋಷವನ್ನು ಅಮೆರಿಕವು 2000ದ ಮೇ ತಿಂಗಳಲ್ಲಿ ತೆಗೆದುಹಾಕಿತು. ಆ ನಂತರವೇ ರಸ್ತೆ ವಾಹನಗಳಲ್ಲಿ ಇದರ ಬಳಕೆ ವ್ಯಾಪಕವಾಯಿತು.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) ರೂಪಿಸಿದ ಸ್ವದೇಶಿ ವ್ಯವಸ್ಥೆಗೆ ನಾವಿಕ್ ಎಂದು ಹೆಸರು. ಇದರ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಉಡಾಯಿಸಲಾಯಿತು. ಇದರ ಸಂಚರಣಾ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ.

ಭಾರತದ ಮಾನದಂಡದ ಪ್ರಕಾರ ಸಾಧನದಲ್ಲಿ ಹುದುಗಿಸಿದ ಸಿಮ್ ಇರಬೇಕು. ವಾಹನದ ಬ್ಯಾಟರಿಯ ಸಂಪರ್ಕ ಕಡಿದರೂ ನಾಲ್ಕು ಗಂಟೆ ಕೆಲಸ ಮಾಡುವ ಒಳ ಬ್ಯಾಟರಿ ಇರಬೇಕು. ಮೊಬೈಲ್ ಸಂಕೇತ ಸಿಗದ ಕಡೆಯಲ್ಲಿ ಕನಿಷ್ಠ 40,000 ಸ್ಥಾನ ದಾಖಲೆಗಳನ್ನು ತನ್ನಲ್ಲೇ ಉಳಿಸಿಕೊಂಡು, ಸಂಕೇತ ಮರಳಿದಾಗ ಕಳುಹಿಸುವ ಸಾಮರ್ಥ್ಯವೂ ಅದಕ್ಕಿರಬೇಕು. ಇದರಿಂದ ದಾಖಲೆ ಕಳೆದುಹೋಗುವುದಿಲ್ಲ. ಆದರೆ ಸಂಕೇತವಿಲ್ಲದ ಆ ಹೊತ್ತಿನಲ್ಲಿ ವಾಹನ ಎಲ್ಲಿದೆ ಎಂಬುದು ನಿಯಂತ್ರಣ ಕೊಠಡಿಗೆ ತಿಳಿಯುವುದಿಲ್ಲ. ಆ ಕ್ಷಣದ ಮಾಹಿತಿ ಮತ್ತು ನಂತರದ ದಾಖಲೆ ಇವೆರಡರ ನಡುವಿನ ಈ ವ್ಯತ್ಯಾಸವು ಪ್ರಯೋಜನಗಳನ್ನು ಅಳೆಯುವಾಗ ಮುಖ್ಯವಾಗುತ್ತದೆ.

ಸ್ಥಳ ಪತ್ತೆ ಸಾಧನವು ವೇಗ ನಿಯಂತ್ರಕಕ್ಕಿಂತ ಭಿನ್ನವಾದುದು. ವೇಗ ನಿಯಂತ್ರಕವು ವಾಹನವು ನಿಗದಿತ ಮಿತಿಯನ್ನು ಮೀರದಂತೆ ತಡೆಯುತ್ತದೆ. ಸ್ಥಳ ಪತ್ತೆ ಸಾಧನವು ವೇಗವನ್ನು ದಾಖಲಿಸಿ ತಿಳಿಸುತ್ತದೆಯೇ ಹೊರತು ತಾನಾಗಿ ತಡೆಯುವುದಿಲ್ಲ.

ಕಾನೂನು ಹಿನ್ನೆಲೆ

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಚಲಿಸುವ ಬಸ್ಸಿನೊಳಗೆ ನಡೆದ ಅತ್ಯಾಚಾರ ಪ್ರಕರಣದ ನಂತರ, ಸಾರ್ವಜನಿಕ ವಾಹನಗಳಲ್ಲಿ ಮಹಿಳೆಯರ ಸುರಕ್ಷತೆ ರಾಷ್ಟ್ರಮಟ್ಟದ ಚರ್ಚೆಗೆ ಬಂದಿತು. 2013ರಲ್ಲಿ ಕೇಂದ್ರ ಸರ್ಕಾರವು ನಿರ್ಭಯಾ ನಿಧಿಯನ್ನು ಸ್ಥಾಪಿಸಿತು. 2016ರ ನವೆಂಬರ್ 28ರಂದು ಹೊರಡಿಸಿದ ಅಧಿಸೂಚನೆಯ ಮೂಲಕ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125ಎಚ್ ಎಂಬ ನಿಯಮವನ್ನು ಸೇರಿಸಲಾಯಿತು. ಸಾರ್ವಜನಿಕ ಸೇವಾ ವಾಹನಗಳಲ್ಲಿ ಸ್ಥಳ ಪತ್ತೆ ಸಾಧನ ಮತ್ತು ಒಂದು ಅಥವಾ ಹೆಚ್ಚು ತುರ್ತು ಗುಂಡಿಗಳು ಇರಬೇಕೆಂದು ಈ ನಿಯಮ ಹೇಳುತ್ತದೆ. ದ್ವಿಚಕ್ರ ವಾಹನ, ಇ-ರಿಕ್ಷಾ ಮತ್ತು ತ್ರಿಚಕ್ರ ವಾಹನಗಳಿಗೆ ವಿನಾಯಿತಿ ನೀಡಲಾಗಿದೆ. ಸಾಧನಗಳ ಗುಣಮಟ್ಟವನ್ನು ಎಐಎಸ್-140 ಎಂಬ ಮಾನದಂಡವು ನಿರ್ದೇಶಿಸುತ್ತದೆ.

ಈ ನಿಯಮವು 2018ರ ಏಪ್ರಿಲ್ 1ರಿಂದ ಜಾರಿಗೆ ಬರಬೇಕಿತ್ತು. ಅನಂತರ 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ವಾಹನಗಳಿಗೆ ಅನ್ವಯಿಸಲಾಯಿತು. ಅದಕ್ಕೂ ಮೊದಲು ನೋಂದಣಿಯಾದ ವಾಹನಗಳ ವಿಷಯವನ್ನು ರಾಜ್ಯ ಸರ್ಕಾರಗಳ ನಿರ್ಧಾರಕ್ಕೆ ಬಿಡಲಾಯಿತು.

ಕರ್ನಾಟಕ ಸರ್ಕಾರವು 2023ರಲ್ಲಿ ಪ್ರಯಾಣಿಕ ವಾಹನಗಳು ಮತ್ತು ರಾಷ್ಟ್ರೀಯ ಪರವಾನಗಿಯ ಸರಕು ವಾಹನಗಳಿಗೆ ಈ ಸಾಧನವನ್ನು ಕಡ್ಡಾಯಗೊಳಿಸಿ, ತುರ್ತು ಗುಂಡಿ ಸಹಿತ ಸಾಧನದ ಬೆಲೆಯನ್ನು ಜಿಎಸ್‌ಟಿ ಹೊರತುಪಡಿಸಿ 7,599 ರೂಪಾಯಿ ಎಂದು ನಿಗದಿಪಡಿಸಿತು. ಅಳವಡಿಕೆಗೆ ನೀಡಿದ ಗಡುವನ್ನು ಆಮೇಲೆ ವಿಸ್ತರಿಸಲಾಯಿತು. ಒಂದೆರಡು ವಾಹನಗಳನ್ನಷ್ಟೇ ಹೊಂದಿರುವ ಮಾಲೀಕರಿಗೆ ಈ ಬೆಲೆ ಹೊರೆಯಾಗುತ್ತದೆ ಎಂಬುದು ವಾಹನ ಮಾಲೀಕರ ಪ್ರಮುಖ ಆಕ್ಷೇಪವಾಗಿತ್ತು.

ಕರ್ನಾಟಕದಲ್ಲಿ ಬಳಕೆ

ಮೈಸೂರು

ನಗರ ಬಸ್ಸುಗಳಲ್ಲಿ ಸ್ಥಳ ಪತ್ತೆ ಮತ್ತು ಪ್ರಯಾಣಿಕರ ಮಾಹಿತಿಯನ್ನು ಒಟ್ಟಿಗೆ ಜೋಡಿಸಿದ ಭಾರತದ ಆರಂಭಿಕ ಯೋಜನೆಗಳಲ್ಲಿ ಮೈಸೂರಿನದು ಪ್ರಮುಖವಾದುದು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು (ಕೆಎಸ್‌ಆರ್‌ಟಿಸಿ) ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ಸೌಲಭ್ಯ ನಿಧಿಯ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ 2012ರಲ್ಲಿ ಇದನ್ನು ಆರಂಭಿಸಿತು. ಸುಮಾರು 500 ಬಸ್ಸುಗಳಲ್ಲಿ ಸಾಧನಗಳನ್ನು ಅಳವಡಿಸಿ, ತಂಗುದಾಣಗಳಲ್ಲಿ ಮುಂದಿನ ಬಸ್ಸು ಎಷ್ಟು ನಿಮಿಷದಲ್ಲಿ ಬರುತ್ತದೆ ಎಂದು ತೋರಿಸುವ ಫಲಕಗಳನ್ನು ಇಡಲಾಯಿತು. ಬಸ್ಸಿನ ಒಳಗೆ ಮುಂದಿನ ನಿಲ್ದಾಣದ ಹೆಸರನ್ನು ಪ್ರಕಟಿಸುವ ವ್ಯವಸ್ಥೆಯೂ ಇತ್ತು.

ಬೆಂಗಳೂರು

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು (ಬಿಎಂಟಿಸಿ) 2016ರ ಮೇ ತಿಂಗಳಲ್ಲಿ ಚತುರ ಸಾರಿಗೆ ವ್ಯವಸ್ಥೆಗೆ ಚಾಲನೆ ನೀಡಿತು. ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ಒಳಗೊಂಡಿದ್ದ ಈ ಯೋಜನೆಯಲ್ಲಿ ಸ್ಥಳ ಪತ್ತೆ ಸಾಧನದ ಜೊತೆಗೆ ವಿದ್ಯುನ್ಮಾನ ಟಿಕೆಟ್ ಯಂತ್ರಗಳೂ ಇದ್ದವು. ಟಿಕೆಟ್ ಮಾಹಿತಿ ಮತ್ತು ಸ್ಥಾನದ ಮಾಹಿತಿ ಒಂದೆಡೆ ಸೇರಿದಾಗ, ಯಾವ ನಿಲ್ದಾಣದಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಹತ್ತುತ್ತಾರೆ ಎಂಬುದು ತಿಳಿಯುತ್ತದೆ. ಮಾರ್ಗಗಳನ್ನು ಮರುಹೊಂದಿಸಲು ಇದು ನೆರವಾಗುತ್ತದೆ. ಮೊದಲ ಹಂತದ ಆ್ಯಪ್ ಬರುವ ಸಮಯವನ್ನು ಸರಿಯಾಗಿ ತೋರಿಸುವುದಿಲ್ಲವೆಂಬ ದೂರುಗಳಿದ್ದವು. 2023ರಲ್ಲಿ ಸಂಸ್ಥೆಯು 'ನಮ್ಮ ಬಿಎಂಟಿಸಿ' ಎಂಬ ಹೊಸ ಆ್ಯಪನ್ನು ಬಿಡುಗಡೆ ಮಾಡಿತು. ಸುಮಾರು ಏಳು ವರ್ಷಗಳಲ್ಲೇ ಹೊಸ ಆ್ಯಪ್ ಬೇಕಾಯಿತು ಎಂಬ ಸಂಗತಿಯು ಇಂತಹ ವ್ಯವಸ್ಥೆಗಳ ಬಾಳಿಕೆಯ ಅವಧಿಯನ್ನು ಅಂದಾಜಿಸುವಾಗ ಗಮನಾರ್ಹವಾಗಿದೆ.

ಇತರ ವಾಹನಗಳು

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆಯಲ್ಲಿ, ಕರೆ ಬಂದ ಸ್ಥಳಕ್ಕೆ ಹತ್ತಿರವಿರುವ ವಾಹನವನ್ನು ಕಳುಹಿಸಲು ಸ್ಥಳ ಪತ್ತೆ ಮಾಹಿತಿ ಅಗತ್ಯ. 112 ತುರ್ತು ಸ್ಪಂದನ ಸೇವೆಯ ಪೊಲೀಸ್ ವಾಹನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯು ಖನಿಜ ಸಾಗಣೆಯ ಪರವಾನಗಿಯನ್ನು ಲಾರಿಯ ಜಿಪಿಎಸ್‌ಗೆ ಜೋಡಿಸಿದೆ. ಇಲ್ಲಿ ಉದ್ದೇಶ ಇಂಧನದ ಉಳಿತಾಯವಲ್ಲ. ಪರವಾನಗಿಯಲ್ಲಿ ಹೇಳಿದ ಹಾದಿಯನ್ನು ಬಿಟ್ಟು ಲಾರಿ ಹೋಗದಂತೆ, ಒಂದೇ ಪರವಾನಗಿಯ ಮೇಲೆ ಹಲವು ಬಾರಿ ಸಾಗಣೆ ನಡೆಯದಂತೆ ನೋಡಿಕೊಳ್ಳುವುದು ಇದರ ಉದ್ದೇಶವಾಗಿದೆ.

ಚಿತ್ರದುರ್ಗ ಜಿಲ್ಲೆಯ ಸಂದರ್ಭ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಒಳಗೊಂಡ ಈ ಜಿಲ್ಲೆಯಲ್ಲಿ ಎರಡು ಬಗೆಯ ಸಂಚಾರವಿದೆ. ಮೊದಲನೆಯದು ಬೆಂಗಳೂರಿನಿಂದ ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆ, ಹುಬ್ಬಳ್ಳಿಗಳ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ದೂರ ಸಂಚಾರ. ರಾತ್ರಿ ಬಸ್ಸುಗಳು ಈ ಹಾದಿಯಲ್ಲಿ ಹೆಚ್ಚಾಗಿ ಓಡುತ್ತವೆ. ಎರಡನೆಯದು ತಾಲ್ಲೂಕು ಕೇಂದ್ರಗಳಿಂದ ಹೋಬಳಿ ಮತ್ತು ಹಳ್ಳಿಗಳಿಗೆ ಹೋಗುವ ಸ್ಥಳೀಯ ಸಂಚಾರ. ಕೆಎಸ್‌ಆರ್‌ಟಿಸಿಯ ಚಿತ್ರದುರ್ಗ ವಿಭಾಗದ ಬಸ್ಸುಗಳ ಜೊತೆಗೆ ಖಾಸಗಿ ಬಸ್ಸುಗಳಿಗೂ ಇದರಲ್ಲಿ ದೊಡ್ಡ ಪಾತ್ರವಿದೆ.

ಈ ಎರಡು ಬಗೆಯ ಸಂಚಾರಗಳಲ್ಲಿ ಸ್ಥಳ ಪತ್ತೆ ವ್ಯವಸ್ಥೆಯ ಪ್ರಯೋಜನ ಒಂದೇ ತೆರನಾಗಿರುವುದಿಲ್ಲ. ಹೆದ್ದಾರಿಯಲ್ಲಿ ಅತಿವೇಗದ ದಾಖಲೆ, ಚಾಲಕರ ವಿಶ್ರಾಂತಿಯ ಅವಧಿ ಮತ್ತು ಅಪಘಾತವಾದಾಗ ಸ್ಥಳದ ತಕ್ಷಣದ ಮಾಹಿತಿ ಮುಖ್ಯವಾಗುತ್ತವೆ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಂತಹ ಹೋಬಳಿ ಕೇಂದ್ರದಲ್ಲಿ ಅಥವಾ ಅದರ ಸುತ್ತಲಿನ ಹಳ್ಳಿಗಳಲ್ಲಿ ಪ್ರಯಾಣಿಕರ ಪ್ರಶ್ನೆ ಬೇರೆಯದು: ಬಸ್ಸು ಬಂದು ಹೋಯಿತೇ, ಇನ್ನು ಬರಬೇಕೇ, ಇಂದು ಟ್ರಿಪ್ ರದ್ದಾಗಿದೆಯೇ? ಐದು ನಿಮಿಷಕ್ಕೊಂದು ಬಸ್ಸಿರುವ ನಗರದಲ್ಲಿ ಈ ಮಾಹಿತಿ ತಪ್ಪಿದರೆ ಆಗುವ ನಷ್ಟ ಅಲ್ಪ. ದಿನಕ್ಕೆ ಕೆಲವೇ ಬಸ್ಸುಗಳಿರುವ ಹಳ್ಳಿಯಲ್ಲಿ ಒಂದು ಬಸ್ಸು ತಪ್ಪಿದರೆ ಕಾಲೇಜಿನ ಒಂದು ದಿನದ ಹಾಜರಿ, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಸರದಿ ಅಥವಾ ಕೂಲಿಯ ಒಂದು ದಿನ ಹೋಗುತ್ತದೆ. ಹೀಗಾಗಿ ಪ್ರಯಾಣಿಕರ ಸಂಖ್ಯೆ ಕಡಿಮೆಯಿದ್ದರೂ, ಒಬ್ಬ ಪ್ರಯಾಣಿಕರಿಗೆ ದೊರೆಯುವ ಪ್ರಯೋಜನ ಹಳ್ಳಿಯಲ್ಲಿ ಹೆಚ್ಚಾಗಿರುತ್ತದೆ.

ಹೆದ್ದಾರಿಯ ಅಪಾಯಕ್ಕೆ ಈ ಜಿಲ್ಲೆಯಲ್ಲೇ ನಿದರ್ಶನವಿದೆ. 2020ರ ಆಗಸ್ಟ್ 12ರ ಮುಂಜಾನೆ ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿಯ ಬಳಿ, ವಿಜಯಪುರದಿಂದ ಬೆಂಗಳೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸೊಂದಕ್ಕೆ ಬೆಂಕಿ ಹೊತ್ತಿಕೊಂಡು ಐವರು ಮೃತಪಟ್ಟರು. ಇಂತಹ ದುರಂತದಲ್ಲಿ ಸ್ಥಳ ಪತ್ತೆ ಸಾಧನವು ಬೆಂಕಿಯನ್ನು ತಡೆಯಲಾರದು. ತುರ್ತು ಸಂದೇಶ ತಲುಪುವ ಸಮಯವನ್ನು ಮತ್ತು ಸ್ಥಳವನ್ನು ಹುಡುಕುವ ಸಮಯವನ್ನು ಅದು ಕಡಿಮೆ ಮಾಡಬಹುದು. ಬೆಂಕಿಯನ್ನು ತಡೆಯುವುದು ಎಂಜಿನ್ ಮತ್ತು ಇಂಧನ ಕೊಳವೆಗಳ ನಿರ್ವಹಣೆಯ ಕೆಲಸ. ಒಳಗಿದ್ದವರನ್ನು ಹೊರತರುವುದು ತುರ್ತು ನಿರ್ಗಮನ ದ್ವಾರದ ಕೆಲಸ. ಆದುದರಿಂದ ಸೀಮಿತ ಹಣವಿರುವಾಗ ಸ್ಥಳ ಪತ್ತೆ ಸಾಧನವನ್ನು ಈ ಬಾಬುಗಳ ಜೊತೆಯಲ್ಲಿಟ್ಟು ಹೋಲಿಸಬೇಕಾಗುತ್ತದೆ.

ಗಣಿಗಾರಿಕೆಯೂ ಈ ಜಿಲ್ಲೆಯ ಒಂದು ಭಾಗ. ಅಕ್ರಮ ಗಣಿಗಾರಿಕೆಯ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅನಂತರ ಹಂತಹಂತವಾಗಿ ಷರತ್ತುಗಳೊಂದಿಗೆ ಗಣಿಗಾರಿಕೆ ಮರಳಿತು. ಅದಿರು ಲಾರಿಗಳ ಸ್ಥಳ ಪತ್ತೆಯು ಇಲ್ಲಿ ರಾಜಧನದ ಸೋರಿಕೆಯನ್ನು ತಡೆಯುವ ಸಾಧನವೂ ಹೌದು, ಹಳ್ಳಿಯ ರಸ್ತೆಗಳ ಮೇಲೆ ಅಕ್ರಮ ಸಂಚಾರವಾಗದಂತೆ ನೋಡಿಕೊಳ್ಳುವ ಸಾಧನವೂ ಹೌದು.

ವೆಚ್ಚದ ಬಾಬುಗಳು

ವ್ಯವಸ್ಥೆಯ ಒಟ್ಟು ವೆಚ್ಚದಲ್ಲಿ ಸಾಧನದ ಬೆಲೆ ಒಂದು ಭಾಗ ಮಾತ್ರ. ಮುಖ್ಯ ಬಾಬುಗಳು ಇವು:

ಸಾಧನ ಮತ್ತು ಅಳವಡಿಕೆ: ಸಾಧನ, ತುರ್ತು ಗುಂಡಿಗಳು, ತಂತಿ ಜೋಡಣೆ. ವಾಹನವನ್ನು ಅಳವಡಿಕೆಗಾಗಿ ಸೇವೆಯಿಂದ ಹೊರಗಿಡುವ ಅವಧಿಯೂ ವೆಚ್ಚವೇ.

ಸಂಪರ್ಕ ಶುಲ್ಕ: ಪ್ರತಿ ಸಾಧನದ ಸಿಮ್‌ಗೆ ತಿಂಗಳ ಅಥವಾ ವರ್ಷದ ಶುಲ್ಕ.

ಸರ್ವರ್ ಮತ್ತು ತಂತ್ರಾಂಶ: ನಕ್ಷೆ, ದತ್ತಾಂಶ ಸಂಗ್ರಹ, ಭದ್ರತೆ ಮತ್ತು ನವೀಕರಣ.

ನಿಯಂತ್ರಣ ಕೊಠಡಿಯ ಸಿಬ್ಬಂದಿ: ಪಾಳಿಗಳಲ್ಲಿ ಪರದೆ ನೋಡಿ, ಘಟಕಗಳಿಗೆ ಕರೆ ಮಾಡಿ, ದೂರುಗಳನ್ನು ದಾಖಲಿಸುವವರು. ವರ್ಷದ ಲೆಕ್ಕದಲ್ಲಿ ಇದು ಅತ್ಯಂತ ದೊಡ್ಡ ಬಾಬು ಆಗಬಹುದು.

ದುರಸ್ತಿ: ಕಂಪನ, ದೂಳು, ಬಿಸಿಲು ಮತ್ತು ಬ್ಯಾಟರಿ ಬದಲಾವಣೆಯ ವೇಳೆ ಕಡಿಯುವ ತಂತಿಗಳಿಂದ ಸಾಧನಗಳು ಕೆಡುತ್ತವೆ. ಘಟಕದ ಎಲೆಕ್ಟ್ರಿಷಿಯನ್‌ಗಳಿಗೆ ತರಬೇತಿ ಇಲ್ಲದಿದ್ದರೆ, ಸಣ್ಣ ದೋಷಕ್ಕೂ ಪೂರೈಕೆದಾರರನ್ನು ಕಾಯಬೇಕಾಗುತ್ತದೆ.

ಬದಲಾವಣೆ: ಮೊಬೈಲ್ ತಂತ್ರಜ್ಞಾನದ ಹಳೆಯ ತಲೆಮಾರುಗಳು ನಿಂತಾಗ, ಅವುಗಳನ್ನೇ ನಂಬಿದ ಸಾಧನಗಳನ್ನು ಬದಲಿಸಬೇಕಾಗುತ್ತದೆ. ಬಸ್ಸು ಹತ್ತು ವರ್ಷಕ್ಕೂ ಹೆಚ್ಚು ಓಡಬಹುದು. ಸಾಧನ ಅಷ್ಟು ಬಾಳುವುದಿಲ್ಲ.

ಪ್ರಯೋಜನಗಳು

ಪ್ರಯೋಜನಗಳನ್ನು ಹಣದಲ್ಲಿ ಅಳೆಯಬಹುದಾದವು ಮತ್ತು ಸುಲಭವಾಗಿ ಅಳೆಯಲಾಗದವು ಎಂದು ಎರಡಾಗಿ ವಿಂಗಡಿಸಬಹುದು.

ಹಣದಲ್ಲಿ ಅಳೆಯಬಹುದಾದವುಗಳಲ್ಲಿ ಇಂಧನ ಮೊದಲನೆಯದು. ಎಂಜಿನ್ ಚಾಲೂ ಇಟ್ಟು ನಿಲ್ಲಿಸುವುದು, ಅತಿವೇಗ, ನಿಗದಿಯಾಗದ ಹಾದಿ ಮತ್ತು ಪ್ರಯಾಣಿಕರಿಲ್ಲದೆ ಘಟಕಕ್ಕೆ ಹಿಂದಿರುಗುವ ವ್ಯರ್ಥ ಕಿಲೋಮೀಟರ್‌ಗಳು ದಾಖಲೆಯಲ್ಲಿ ಕಾಣುತ್ತವೆ. ಕೈಬರಹದ ಲಾಗ್ ಪುಸ್ತಕದ ಕಿಲೋಮೀಟರ್ ಮತ್ತು ನಿಜವಾಗಿ ಓಡಿದ ಕಿಲೋಮೀಟರ್ ನಡುವಿನ ವ್ಯತ್ಯಾಸ ತಿಳಿಯುತ್ತದೆ. ಬಾಡಿಗೆ ಆಧಾರದ ವಾಹನಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುವಾಗ ಇದು ನೇರ ಉಳಿತಾಯವಾಗುತ್ತದೆ. ಕಳುವಾದ ವಾಹನದ ಪತ್ತೆ, ರದ್ದಾದ ಟ್ರಿಪ್‌ಗಳ ನಿಖರ ಲೆಕ್ಕ ಮತ್ತು ಅಪಘಾತ ಪರಿಹಾರದ ಪ್ರಕರಣಗಳಲ್ಲಿ ವೇಗದ ಸಾಕ್ಷ್ಯ ಇವು ಇತರ ಪ್ರಯೋಜನಗಳು.

ಸುಲಭವಾಗಿ ಅಳೆಯಲಾಗದವುಗಳಲ್ಲಿ ಪ್ರಯಾಣಿಕರ ಕಾಯುವ ಸಮಯ ಮುಖ್ಯವಾದುದು. ಅಮೆರಿಕದ ಸಿಯಾಟಲ್ ನಗರದ ಒನ್‌ಬಸ್‌ಅವೇ ಎಂಬ ಮಾಹಿತಿ ಸೇವೆಯನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವು, ತಕ್ಷಣದ ಮಾಹಿತಿ ಬಳಸುವವರು ವೇಳಾಪಟ್ಟಿ ನೋಡಿ ಬರುವವರಿಗಿಂತ ಸುಮಾರು ಎರಡು ನಿಮಿಷ ಕಡಿಮೆ ಕಾಯುತ್ತಾರೆ ಎಂದು ಕಂಡುಕೊಂಡಿತು. ಲಂಡನ್ ನಗರವು 2000ದ ದಶಕದ ಕೊನೆಯ ಭಾಗದಲ್ಲಿ ಐಬಸ್ ಎಂಬ ವ್ಯವಸ್ಥೆಯನ್ನು ಸುಮಾರು 8,000 ಬಸ್ಸುಗಳಲ್ಲಿ ಅಳವಡಿಸಿ, ಬಸ್ಸುಗಳ ನಡುವಿನ ಅಂತರವನ್ನು ಸಮವಾಗಿಡಲು ಅದನ್ನು ಬಳಸಿತು. ಇಂತಹ ಲಾಭವು ಸಾರಿಗೆ ಸಂಸ್ಥೆಯ ಆದಾಯದ ಪುಸ್ತಕದಲ್ಲಿ ಕಾಣುವುದಿಲ್ಲ. ಅದು ಪ್ರಯಾಣಿಕರಿಗೆ ಸೇರುತ್ತದೆ. ಸಾರ್ವಜನಿಕ ಯೋಜನೆಯ ಮೌಲ್ಯಮಾಪನದಲ್ಲಿ ಇದನ್ನೂ ಸೇರಿಸುವುದು ವಾಡಿಕೆ.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯ ದೊರೆತ ಮೇಲೆ ಪ್ರಯಾಣಿಕರ ಸಂಖ್ಯೆ ಏರಿತು. ಯಾವ ಮಾರ್ಗದಲ್ಲಿ ಯಾವ ಹೊತ್ತಿಗೆ ಹೆಚ್ಚುವರಿ ಬಸ್ಸು ಬೇಕು ಎಂಬುದನ್ನು ತೀರ್ಮಾನಿಸಲು ಸ್ಥಾನ ಮತ್ತು ಟಿಕೆಟ್ ಮಾಹಿತಿಗಳ ಜೋಡಣೆ ಇಂತಹ ಸನ್ನಿವೇಶದಲ್ಲಿ ಉಪಯುಕ್ತವಾಗುತ್ತದೆ.

ಲೆಕ್ಕದ ಮಾದರಿ

ಕೆಳಗಿನ ಎರಡು ಉದಾಹರಣೆಗಳು ಲೆಕ್ಕದ ರೀತಿಯನ್ನು ತೋರಿಸಲು ಕಲ್ಪಿಸಿದವು. ಯಾವುದೇ ಸಂಸ್ಥೆಯ ನೈಜ ಅಂಕಿಅಂಶಗಳಲ್ಲ. ಸಾಧನದ ಬೆಲೆಯನ್ನು ಮಾತ್ರ ಕರ್ನಾಟಕದಲ್ಲಿ ನಿಗದಿಯಾದ 7,599 ರೂಪಾಯಿಗೆ ಶೇ 18ರ ತೆರಿಗೆ ಸೇರಿಸಿ, ಸುಮಾರು 8,967 ರೂಪಾಯಿ ಎಂದು ತೆಗೆದುಕೊಳ್ಳಲಾಗಿದೆ. ಸಾಧನದ ಬಾಳಿಕೆ 5 ವರ್ಷ, ವರ್ಷದ ದುರಸ್ತಿ ಬೆಲೆಯ ಶೇ 10, ಸಂಪರ್ಕ ಮತ್ತು ಸರ್ವರ್ ಶುಲ್ಕ ತಿಂಗಳಿಗೆ 200 ರೂಪಾಯಿ, ಡೀಸೆಲ್ ಲೀಟರಿಗೆ 90 ರೂಪಾಯಿ ಮತ್ತು ವರ್ಷಕ್ಕೆ 350 ದಿನಗಳ ಓಡಾಟ ಎಂದು ಇಟ್ಟುಕೊಳ್ಳಲಾಗಿದೆ.

ಮೊದಲನೆಯ ಉದಾಹರಣೆ: 100 ಬಸ್ಸುಗಳ ಘಟಕ. ಪ್ರತಿ ಬಸ್ಸು ದಿನಕ್ಕೆ 300 ಕಿಲೋಮೀಟರ್ ಓಡಿ, ಲೀಟರಿಗೆ 5 ಕಿಲೋಮೀಟರ್ ನೀಡಿದರೆ ದಿನಕ್ಕೆ 60 ಲೀಟರ್, ಅಂದರೆ 5,400 ರೂಪಾಯಿಯ ಡೀಸೆಲ್ ಬೇಕು. ವರ್ಷಕ್ಕೆ 100 ಬಸ್ಸುಗಳಿಗೆ 18.9 ಕೋಟಿ ರೂಪಾಯಿ ಆಗುತ್ತದೆ. ವ್ಯವಸ್ಥೆಯ ವಾರ್ಷಿಕ ವೆಚ್ಚದಲ್ಲಿ ಸಾಧನದ ಪಾಲು 1.79 ಲಕ್ಷ, ದುರಸ್ತಿ 0.90 ಲಕ್ಷ, ಸಂಪರ್ಕ 2.4 ಲಕ್ಷ ಮತ್ತು ತಲಾ 25,000 ರೂಪಾಯಿ ಮಾಸಿಕ ವೇತನದ ನಾಲ್ವರು ಸಿಬ್ಬಂದಿಗೆ 12 ಲಕ್ಷ. ಒಟ್ಟು ಸುಮಾರು 17.1 ಲಕ್ಷ ರೂಪಾಯಿ. ಇದು ಡೀಸೆಲ್ ವೆಚ್ಚದ ಶೇ 0.9ರಷ್ಟಾಗುತ್ತದೆ. ಅಂದರೆ ಇಂಧನದಲ್ಲಿ ಶೇ 1ರಷ್ಟು ಉಳಿದರೂ ವೆಚ್ಚ ಮರಳುತ್ತದೆ.

ಎರಡನೆಯ ಉದಾಹರಣೆ: ಪಟ್ಟಣವೊಂದರ 20 ಕಸ ಸಾಗಣೆ ವಾಹನಗಳು. ಪ್ರತಿ ವಾಹನ ದಿನಕ್ಕೆ 40 ಕಿಲೋಮೀಟರ್ ಓಡಿ, ಲೀಟರಿಗೆ 8 ಕಿಲೋಮೀಟರ್ ನೀಡಿದರೆ ದಿನಕ್ಕೆ 5 ಲೀಟರ್ ಬೇಕು. 20 ವಾಹನಗಳ ವಾರ್ಷಿಕ ಡೀಸೆಲ್ ವೆಚ್ಚ 31.5 ಲಕ್ಷ ರೂಪಾಯಿ. ಸಾಧನ, ದುರಸ್ತಿ ಮತ್ತು ಸಂಪರ್ಕಕ್ಕೆ ಸುಮಾರು 1.02 ಲಕ್ಷ ಹಾಗೂ ತಿಂಗಳಿಗೆ 15,000 ರೂಪಾಯಿಯ ಒಬ್ಬ ಸಹಾಯಕರಿಗೆ 1.8 ಲಕ್ಷ ಸೇರಿ ಒಟ್ಟು 2.82 ಲಕ್ಷ ರೂಪಾಯಿ. ಇದು ಡೀಸೆಲ್ ವೆಚ್ಚದ ಸುಮಾರು ಶೇ 9ರಷ್ಟಾಗುತ್ತದೆ. ಇಷ್ಟು ಇಂಧನ ಉಳಿತಾಯವನ್ನು ನಿರೀಕ್ಷಿಸುವುದು ಕಷ್ಟ.

ಸಾಧನ ಒಂದೇ, ಬೆಲೆಯೂ ಒಂದೇ ಆಗಿದ್ದರೂ ಎರಡು ಕಡೆಯ ಫಲ ಹತ್ತುಪಟ್ಟು ಭಿನ್ನವಾಗಿದೆ. ವಾಹನ ಹೆಚ್ಚು ಓಡಿದಷ್ಟೂ ಇಂಧನದ ಉಳಿತಾಯ ಹೆಚ್ಚು. ವಾಹನಗಳ ಸಂಖ್ಯೆ ಹೆಚ್ಚಿದಷ್ಟೂ ಸಿಬ್ಬಂದಿಯ ವೆಚ್ಚ ಹೆಚ್ಚು ವಾಹನಗಳಿಗೆ ಹಂಚಿಕೆಯಾಗುತ್ತದೆ. ಎರಡನೆಯ ಉದಾಹರಣೆಯಲ್ಲಿ ಯೋಜನೆಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಅಲ್ಲಿ ಸಮರ್ಥನೆಯನ್ನು ಇಂಧನದಲ್ಲಿ ಹುಡುಕದೆ, ಯಾವ ಬೀದಿಗೆ ವಾಹನ ಹೋಗಲಿಲ್ಲ, ಕಸವನ್ನು ವಿಲೇವಾರಿ ಸ್ಥಳಕ್ಕೇ ಒಯ್ಯಲಾಯಿತೇ ಎಂಬ ಸೇವೆಯ ಗುಣಮಟ್ಟದಲ್ಲಿ ಹುಡುಕಬೇಕಾಗುತ್ತದೆ. ಸಣ್ಣ ಪಟ್ಟಣಗಳು ಪ್ರತ್ಯೇಕ ನಿಯಂತ್ರಣ ಕೊಠಡಿಗಳನ್ನು ನಡೆಸುವ ಬದಲು ಜಿಲ್ಲಾ ಮಟ್ಟದಲ್ಲಿ ಒಂದನ್ನು ಹಂಚಿಕೊಂಡರೂ ವೆಚ್ಚ ಇಳಿಯುತ್ತದೆ.

ಮಿತಿಗಳು

ಸ್ಥಳ ಪತ್ತೆ ವ್ಯವಸ್ಥೆಯು ಮಾಹಿತಿಯನ್ನು ನೀಡುತ್ತದೆ. ಕ್ರಮ ಕೈಗೊಳ್ಳಬೇಕಾದವರು ಅಧಿಕಾರಿಗಳು. ಅತಿವೇಗದ ಎಚ್ಚರಿಕೆಗಳು ದಿನಕ್ಕೆ ನೂರಾರು ಬಂದು ಯಾರೂ ನೋಡದಿದ್ದರೆ ಅವುಗಳಿಂದ ಪ್ರಯೋಜನವಿಲ್ಲ. ತುರ್ತು ಗುಂಡಿಯ ವಿಷಯದಲ್ಲಿ ಇದು ಇನ್ನೂ ಗಂಭೀರವಾದುದು. ಗುಂಡಿ ಒತ್ತಿದ ಮೇಲೆ ಕರೆ ಸ್ವೀಕರಿಸುವವರು, ಹತ್ತಿರದ ಪೊಲೀಸ್ ವಾಹನ ಮತ್ತು ಸ್ಪಂದನೆಯ ಸಮಯ ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಗುಂಡಿಯು ಹುಸಿ ಭರವಸೆಯಾಗುತ್ತದೆ. ಆಕಸ್ಮಿಕವಾಗಿ ಒತ್ತಿದ ಗುಂಡಿಗಳ ಸುಳ್ಳು ಎಚ್ಚರಿಕೆಗಳು ಹೆಚ್ಚಾದರೆ ನಿಜವಾದ ಕರೆಯೂ ಕಡೆಗಣನೆಗೆ ಒಳಗಾಗುವ ಅಪಾಯವಿದೆ.

ಕಡ್ಡಾಯದ ಕಾರಣಕ್ಕೆ ಅಳವಡಿಸಿ, ವಾಹನದ ಅರ್ಹತಾ ಪ್ರಮಾಣಪತ್ರ ದೊರೆತ ನಂತರ ಸಾಧನವನ್ನು ನಿಷ್ಕ್ರಿಯವಾಗಿ ಬಿಡುವುದು ಇನ್ನೊಂದು ಸಮಸ್ಯೆ. ಅಳವಡಿಸಿದ ಸಾಧನಗಳ ಸಂಖ್ಯೆಗಿಂತ, ನಿಗದಿತ ದಿನದಂದು ಮಾಹಿತಿ ಕಳುಹಿಸುತ್ತಿರುವ ಸಾಧನಗಳ ಸಂಖ್ಯೆಯೇ ಯೋಜನೆಯ ನಿಜವಾದ ಅಳತೆಯಾಗಿದೆ.

ಮೊಬೈಲ್ ಆ್ಯಪಿನ ಮೂಲಕ ಮಾತ್ರ ಮಾಹಿತಿ ನೀಡಿದರೆ ಸ್ಮಾರ್ಟ್‌ಫೋನ್ ಇಲ್ಲದ ವೃದ್ಧರು ಮತ್ತು ಕೂಲಿಕಾರರು ಹೊರಗುಳಿಯುತ್ತಾರೆ. ನಿಲ್ದಾಣದ ಫಲಕ, ಧ್ವನಿವರ್ಧಕದ ಪ್ರಕಟಣೆ ಮತ್ತು ದೂರವಾಣಿ ವಿಚಾರಣೆಗಳು ಈ ಕೊರತೆಯನ್ನು ತುಂಬಬಲ್ಲವು. ಮಾಹಿತಿಯು ಕನ್ನಡದಲ್ಲಿರುವುದೂ ಅಷ್ಟೇ ಅಗತ್ಯ.

ಖಾಸಗಿತನ ಮತ್ತು ಸಿಬ್ಬಂದಿ

ವಾಹನದ ಸ್ಥಾನವು ಕರ್ತವ್ಯದಲ್ಲಿರುವ ಚಾಲಕ ಮತ್ತು ನಿರ್ವಾಹಕರ ಸ್ಥಾನವೂ ಆಗಿರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 2012ರ ಜೋನ್ಸ್ ಪ್ರಕರಣದಲ್ಲಿ, ಪೊಲೀಸರು ವ್ಯಕ್ತಿಯ ವಾಹನಕ್ಕೆ ಜಿಪಿಎಸ್ ಸಾಧನ ಅಳವಡಿಸಿ ಚಲನೆಯನ್ನು ಗಮನಿಸುವುದು ಸಂವಿಧಾನದ ಅರ್ಥದಲ್ಲಿ ಶೋಧನೆಯೇ ಎಂದು ತೀರ್ಪು ನೀಡಿತು. ಭಾರತದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು.

ಸರ್ಕಾರಿ ಬಸ್ಸು ಖಾಸಗಿ ವಾಹನವಲ್ಲ. ಕರ್ತವ್ಯದ ಅವಧಿಯಲ್ಲಿ ಅದರ ಸ್ಥಾನವನ್ನು ತಿಳಿಯುವ ಹಕ್ಕು ಸಂಸ್ಥೆಗಿದೆ. ಆದರೂ ದತ್ತಾಂಶವನ್ನು ಎಷ್ಟು ಕಾಲ ಇಡಬೇಕು, ಯಾರು ನೋಡಬಹುದು, ಶಿಸ್ತು ಕ್ರಮಕ್ಕೆ ಹೇಗೆ ಬಳಸಬಹುದು ಎಂಬ ಪ್ರಶ್ನೆಗಳು ಉಳಿಯುತ್ತವೆ. ವೇಳಾಪಟ್ಟಿಯೇ ರಸ್ತೆಯ ಸ್ಥಿತಿಗೆ ಹೊಂದದಿದ್ದರೆ, ತಡವಾದುದಕ್ಕೆ ಚಾಲಕರಿಗೆ ನೋಟಿಸು ನೀಡುವುದು ಅನ್ಯಾಯವಾಗುತ್ತದೆ. ಆ ದಾಖಲೆಯನ್ನು ವೇಳಾಪಟ್ಟಿ ತಿದ್ದಲು ಬಳಸುವುದು ಹೆಚ್ಚು ಉಪಯುಕ್ತ. ಇದೇ ದಾಖಲೆಯು ಚಾಲಕರ ರಕ್ಷಣೆಗೂ ಬರುತ್ತದೆ. ಅಪಘಾತದ ವೇಳೆ ಬಸ್ಸು ಮಿತಿಯೊಳಗಿನ ವೇಗದಲ್ಲಿತ್ತು, ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಲಾಗಿತ್ತು ಎಂಬುದನ್ನು ಅದು ತೋರಿಸಬಲ್ಲದು. ಸಿಬ್ಬಂದಿಗೂ ತಮ್ಮ ದಾಖಲೆಯನ್ನು ನೋಡುವ ಅವಕಾಶವಿದ್ದಲ್ಲಿ ವ್ಯವಸ್ಥೆಯ ಮೇಲಿನ ಅಪನಂಬಿಕೆ ಕಡಿಮೆಯಾಗುತ್ತದೆ.

ಮೌಲ್ಯಮಾಪನದ ಕ್ರಮ

ಯೋಜನೆಯನ್ನು ಮೌಲ್ಯಮಾಪನ ಮಾಡುವಾಗ ಸಾಮಾನ್ಯವಾಗಿ ಈ ಕ್ರಮವನ್ನು ಅನುಸರಿಸಲಾಗುತ್ತದೆ:

1. ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಗುರುತಿಸುವುದು: ಇಂಧನ, ಸಮಯಪಾಲನೆ, ಸುರಕ್ಷತೆ ಅಥವಾ ಸೋರಿಕೆ ತಡೆ.
2. ಅಳವಡಿಕೆಗೆ ಮೊದಲಿನ ಸ್ಥಿತಿಯನ್ನು ಕೆಲವು ತಿಂಗಳು ದಾಖಲಿಸುವುದು. ಲೀಟರಿಗೆ ಎಷ್ಟು ಕಿಲೋಮೀಟರ್, ರದ್ದಾದ ಟ್ರಿಪ್‌ಗಳು ಎಷ್ಟು ಎಂಬುದು ಮೊದಲೇ ತಿಳಿಯದಿದ್ದರೆ ಆನಂತರದ ಉಳಿತಾಯವನ್ನು ಸಾಧಿಸಿ ತೋರಿಸಲಾಗದು.
3. ಒಂದು ಘಟಕದಲ್ಲಿ ಅಳವಡಿಸಿ, ಅಳವಡಿಸದ ಇನ್ನೊಂದು ಘಟಕದೊಂದಿಗೆ ಹೋಲಿಸುವುದು. ಡೀಸೆಲ್ ಬೆಲೆ, ಮಳೆ ಮತ್ತು ಜಾತ್ರೆಗಳ ಪರಿಣಾಮ ಎರಡು ಕಡೆಯೂ ಸಮನಾಗಿರುವುದರಿಂದ ವ್ಯತ್ಯಾಸ ಸ್ಪಷ್ಟವಾಗುತ್ತದೆ.
4. ಖರೀದಿಯ ಬೆಲೆಯ ಬದಲು ಐದು ವರ್ಷಗಳ ಒಟ್ಟು ವೆಚ್ಚವನ್ನು ಲೆಕ್ಕ ಹಾಕುವುದು.
5. ದತ್ತಾಂಶದ ಒಡೆತನ ಸಾರ್ವಜನಿಕ ಸಂಸ್ಥೆಯದೇ ಎಂದು ಗುತ್ತಿಗೆಯಲ್ಲಿ ನಮೂದಿಸುವುದು. ಪೂರೈಕೆದಾರರು ಬದಲಾದಾಗ ಹಳೆಯ ದಾಖಲೆ ಉಳಿಯುವುದು ಇದರಿಂದಲೇ.
6. ಅದೇ ಹಣದಿಂದ ಮಾಡಬಹುದಾದ ಬೇರೆ ಕೆಲಸಗಳೊಂದಿಗೆ ಹೋಲಿಸುವುದು: ಟೈರು, ಬ್ರೇಕ್, ಅಗ್ನಿಶಾಮಕ ಉಪಕರಣ, ಚಾಲಕರ ತರಬೇತಿ ಅಥವಾ ಹಳ್ಳಿಗೆ ಒಂದು ಹೆಚ್ಚುವರಿ ಟ್ರಿಪ್.

ಕೊನೆಯ ಅಂಶವು ಗ್ರಾಮೀಣ ಪ್ರದೇಶದಲ್ಲಿ ನಿರ್ಣಾಯಕವಾಗುತ್ತದೆ. ಬಸ್ಸೇ ಇಲ್ಲದ ಹಳ್ಳಿಗೆ ಬಸ್ಸಿನ ಸ್ಥಾನವನ್ನು ತೋರಿಸುವ ಆ್ಯಪಿನಿಂದ ಪ್ರಯೋಜನವಿಲ್ಲ. ಬಸ್ಸು ಇದ್ದು, ಅದರ ಸಮಯ ಅನಿಶ್ಚಿತವಾಗಿರುವ ಊರಿಗೆ ಅದೇ ಮಾಹಿತಿ ಬೆಲೆಯುಳ್ಳದ್ದು. ದೂರ ಸಂಚಾರದ ಬಸ್ಸು, ಆಂಬ್ಯುಲೆನ್ಸ್ ಮತ್ತು ಖನಿಜ ಲಾರಿಗಳ ವಿಷಯದಲ್ಲಿ ಪ್ರಯೋಜನವು ವೆಚ್ಚವನ್ನು ಸುಲಭವಾಗಿ ಮೀರುತ್ತದೆ. ಕಡಿಮೆ ಓಡುವ ಸಣ್ಣ ವಾಹನ ಸಮೂಹಗಳ ವಿಷಯದಲ್ಲಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ತೂಗಿ ನೋಡಬೇಕಾಗುತ್ತದೆ.

ಇವನ್ನೂ ನೋಡಿ

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ
ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ
ನಾವಿಕ್
ಜಾಗತಿಕ ಸ್ಥಾನಿಕ ವ್ಯವಸ್ಥೆ
ಚಿತ್ರದುರ್ಗ ಜಿಲ್ಲೆ